ಐಕ್ಯೂ 92 ಅಂದ್ರೆ ನೂರಕ್ಕೆ 92 ಅಂತಲಾ?

ಮಗನ ವರದಿಯಲ್ಲಿ ಐಕ್ಯೂ 92, ಪಕ್ಕದಲ್ಲಿ "ಸರಾಸರಿ" ಅಂತಿದೆ, ನೂರಕ್ಕೆ 92 ಬಂದ್ರೂ ಸರಾಸರಿ ಹೇಗೆ, ಅಷ್ಟಕ್ಕೂ ಈ ಟೆಸ್ಟ್ ಅಳೆಯೋದು ಏನನ್ನ ಅಂತ ಕೇಳಿದ್ದೀರಿ. ಮಕ್ಕಳಿಗೆ ಈ ಪರೀಕ್ಷೆ ಮಾಡೋದೇ ನನ್ನ ಕೆಲಸ. ಮೊದಲ ಪ್ರಶ್ನೆಯನ್ನಂತೂ ಎಷ್ಟೋ ಅಪ್ಪ-ಅಮ್ಮಂದಿರು ಕೇಳ್ತಾರೆ.

ಅದು ನೂರಕ್ಕೆ ತೆಗೆದ ಅಂಕ ಅಲ್ಲ. ಅವನ ವಯಸ್ಸಿನ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅವನ ಜಾಗ ಎಲ್ಲಿ ಅನ್ನೋ ಗುರುತು. ಸಾಲಿನ ನಡುಮಧ್ಯ 100. ಮೂರರಲ್ಲಿ ಎರಡು ಪಾಲು ಮಕ್ಕಳು 85ರಿಂದ 115ರೊಳಗೇ ಇರ್ತಾರೆ. 92 ಅಂದ್ರೆ ನೂರರಲ್ಲಿ ಸುಮಾರು 30 ಮಕ್ಕಳು ಅವನಿಗಿಂತ ಹಿಂದೆ. ಇನ್ನೊಂದು ದಿನ ಕೂರಿಸಿದ್ದರೆ 88 ಬರಬಹುದಿತ್ತು, 96 ಕೂಡ.

ಅಳೆಯೋದು ಏನನ್ನ ಅನ್ನೋದು ಕಷ್ಟದ ಪ್ರಶ್ನೆ. "7, 2, 9, 4, ಹಿಂದಿನಿಂದ ಹೇಳು" ಅಂತ ಒಬ್ಬ ಹುಡುಗನಿಗೆ ಹೇಳಿದ್ದೆ. ಅವನು ಮೇಜಿನ ಕೆಳಗೆ ತೊಡೆ ಮೇಲೆ ಬೆರಳಲ್ಲಿ ಬರೆದುಕೊಂಡು, ಬಲಗಡೆಯಿಂದ ಓದಿ ಹೇಳಿಬಿಟ್ಟ! ನಾನು ಅಳೆದದ್ದು ನೆನಪನ್ನೋ, ಉಪಾಯವನ್ನೋ? ಅಂಕ ಮಾತ್ರ ಒಂದೇ.

ಪದಗಳ ಅರ್ಥ, ಬ್ಲಾಕ್ ಜೋಡಿಸೋದು, ಚಿತ್ರದ ಒಗಟು, ಹೀಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣೋ ಭಾಗಗಳಿರುತ್ತವೆ. ಆದರೆ ಒಂದರಲ್ಲಿ ಮುಂದಿರೋರು ಉಳಿದವುಗಳಲ್ಲೂ ತುಸು ಮುಂದೇ ಇರ್ತಾರೆ. 1904ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಶಾಲೆಯ ವಿಷಯಗಳಲ್ಲಿ ಮಾತ್ರವಲ್ಲ, ಸ್ವರದ ಏರಿಳಿತ ಗುರುತಿಸೋದರಲ್ಲೂ ಇದನ್ನೇ ಕಂಡು, ಎಲ್ಲದರ ಹಿಂದಿರೋ ಸಾಮಾನ್ಯ ಅಂಶಕ್ಕೆ ಮುಂದೆ 'ಜಿ' ಅಂತ ಹೆಸರಿಟ್ಟ. ಅದೊಂದು ಮಾನಸಿಕ ಶಕ್ತಿ ಅಂತ ಅವನ ಊಹೆ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಗಾಡ್‌ಫ್ರಿ ಥಾಮ್ಸನ್ ಒಪ್ಪಲಿಲ್ಲ: ತಲೆಯಲ್ಲಿ ಸಣ್ಣಸಣ್ಣ ಸಾಮರ್ಥ್ಯಗಳು ಲೆಕ್ಕವಿಲ್ಲದಷ್ಟಿವೆ, ಪ್ರತಿ ಪ್ರಶ್ನೆಗೂ ಅವುಗಳಲ್ಲಿ ಹಲವು ಬೇಕು, ಎರಡು ಪ್ರಶ್ನೆಗಳಿಗೆ ಬೇಕಾದವು ಅಲ್ಲಲ್ಲಿ ಒಂದೇ ಆದರೂ ಸಾಕು, ಅಂಕಗಳು ಜೊತೆಜೊತೆಗೆ ಏರುತ್ತವೆ. ನನಗೆ ಥಾಮ್ಸನ್ ಮಾತೇ ಹೆಚ್ಚು ಒಪ್ಪಿಗೆ. ಅಂಕಗಳ ಲೆಕ್ಕ ಮಾತ್ರ ಇಬ್ಬರ ವಿವರಣೆಗೂ ಹೊಂದುತ್ತದೆ, ಅದಕ್ಕೇ ಜಗಳ ಮುಗಿದಿಲ್ಲ.

ಇನ್ನು ನಿಮ್ಮ ಮಗನ ವಿಷಯ. ಆ ಒಂದು ಸಂಖ್ಯೆ ಬಿಟ್ಟು ಒಳಗಿನ ಬಿಡಿ ಅಂಕಗಳನ್ನ ನೋಡಿ. ಯಾವ ಭಾಷೆಯಲ್ಲಿ ಕೇಳಿದರು ಅಂತಲೂ ವಿಚಾರಿಸಿ. ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿ ಪರೀಕ್ಷೆಯನ್ನ ವಿ.ವಿ. ಕಾಮತ್ ಕನ್ನಡ, ಮರಾಠಿಗೆ ಒಗ್ಗಿಸಿ ದಶಕಗಳೇ ಆದವು. ಮನೆಯಲ್ಲಿ ಕನ್ನಡ ಮಾತಾಡೋ ಮಗುವಿಗೆ ಪದಗಳ ಅರ್ಥವನ್ನ ಇಂಗ್ಲಿಷಲ್ಲಿ ಕೇಳಿದ್ದು, ಅದೊಂದೇ ಭಾಗ ಕುಸಿದಿದ್ದರೆ, ಆ ಪುಟ ಹಿಡಿದು ಪರೀಕ್ಷೆ ಮಾಡಿದವರ ಹತ್ತಿರವೇ ಮತ್ತೊಮ್ಮೆ ಹೋಗಿ.