ಮೋಡೆಮ್ ಕನೆಕ್ಟ್ ಆದರೂ ರೂಟರ್ ಲಿಂಕ್ ಉಳಿಯುತ್ತಿಲ್ಲ, ಹೊಸ ಮೋಡೆಮ್ ಹಾಕಬೇಕಾ?

ಹೊಸ ಮೋಡೆಮ್ ತಂದಿದ್ದೀನಿ ಅಂತ ಬರೆದಿದ್ದೀರಿ. ಡಬ್ಬ ಒಡೆದಿಲ್ಲದಿದ್ದರೆ ಹಾಗೇ ಇಟ್ಟಿರಿ, ವಾಪಸ್ ಕೊಡೋಕೆ ಬರುತ್ತೆ.

ನಿಮ್ಮ ಕಷ್ಟ ನನಗೆ ಅರ್ಥವಾದದ್ದು ಹೀಗೆ. ಮಂಡ್ಯದ ಶಾಖೆಯಲ್ಲಿ ಒಂದು ಹಳೇ ಸಿಸ್ಕೋ ರೂಟರ್, ಮೈಸೂರಿನ ಆಫೀಸಿನಲ್ಲಿ ಇನ್ನೊಂದು. ಎರಡನ್ನೂ ಸದಾ ಜೋಡಿಸಿಡುವ ಬಾಡಿಗೆ ತಂತಿ, ಅಂದರೆ ಲೀಸ್ಡ್ ಲೈನ್ ಕೈಕೊಟ್ಟರೆ ಮಂಡ್ಯದ್ದು ಫೋನ್ ಲೈನಿನಲ್ಲಿ 0821 ಹಾಕಿ ಮೈಸೂರಿಗೆ ಡಯಲ್ ಮಾಡಬೇಕು. ಡಯಲ್ ಆಗುತ್ತೆ, ಆ ಕಿರ್ರ್ ಸದ್ದು ನಿಲ್ಲುತ್ತೆ, ಎರಡೂ ಕಡೆ ಮೋಡೆಮ್ಮಿನ ಸಿಡಿ ದೀಪ (ಎದುರಿನ ಮೋಡೆಮ್ ಸಿಕ್ಕಿತು ಅನ್ನೋ ಗುರುತು) ಹತ್ತುತ್ತೆ. 20-25 ಸೆಕೆಂಡಿಗೆ ಕಟ್. ಮತ್ತೆ ಡಯಲ್, ಮತ್ತೆ ಕಟ್. ಲೈನಿನಲ್ಲಿ ಗೊರಗೊರ ಇರೋದರಿಂದ ಹೀಗಾಗ್ತಿದೆ ಅಂತ ನಿಮ್ಮ ಅನುಮಾನ.

ನನಗೆ ಹಾಗನ್ನಿಸುವುದಿಲ್ಲ. ದೀಪ ಹತ್ತಿತು ಅಂದರೆ ಮೋಡೆಮ್‌ಗಳು ತಮ್ಮ ಕೆಲಸ ಮುಗಿಸಿವೆ. ರೂಟರ್‌ಗಳ ಮಾತುಕತೆ ಶುರುವಾಗುವುದೇ ಆಮೇಲೆ. ಅವು ಮಾತಾಡುವ ಭಾಷೆ ಪಿಪಿಪಿ. ಅದರಲ್ಲಿ ಮೊದಲು ಲಿಂಕಿನ ನಿಯಮ ಒಪ್ಪಿಕೊಳ್ಳುವ ಎಲ್‌ಸಿಪಿ, ನಂತರ ಪಾಸ್‌ವರ್ಡ್ ಪರೀಕ್ಷೆ, ಕೊನೆಗೆ ವಿಳಾಸ ಹೊಂದಿಸುವ ಐಪಿಸಿಪಿ. ಮೂರರಲ್ಲಿ ಎಲ್ಲಿ ಮುರಿದುಬಿತ್ತು ಅಂತ ತಿಳಿಯುವವರೆಗೆ ಯಾವುದನ್ನೂ ಮುಟ್ಟಬೇಡಿ.

ಡೀಬಗ್, ಅಂದರೆ ರೂಟರ್‌ಗಳ ಮಾತುಕತೆಯನ್ನು ಸಾಲುಸಾಲಾಗಿ ತೋರಿಸುವ ಆಜ್ಞೆ, ಹಾಕುವ ಮೊದಲು ಗಡಿಯಾರ ನೋಡುವುದು ನನ್ನ ಅಭ್ಯಾಸ. ಎಲ್‌ಸಿಪಿ ಒಂದು ಕೋರಿಕೆ ಕಳಿಸುತ್ತೆ. ಉತ್ತರ ಬರದಿದ್ದರೆ ಎರಡು ಮೂರು ಸೆಕೆಂಡಿಗೊಮ್ಮೆ ಮತ್ತೆ ಮತ್ತೆ ಕಳಿಸಿ, ಹತ್ತು ಸಲಕ್ಕೆ ಕೈಬಿಡುತ್ತೆ. ಲೆಕ್ಕ ಹಾಕಿ, 20ರಿಂದ 30 ಸೆಕೆಂಡ್. ನಿಮ್ಮ ಲಿಂಕ್ ಬೀಳುತ್ತಿರುವುದೂ ಅಷ್ಟಕ್ಕೇ ಅಲ್ವಾ? ಪಾಸ್‌ವರ್ಡ್ ತಪ್ಪಿದ್ದರೆ ಇಷ್ಟು ಹೊತ್ತು ಕಾಯುವುದೇ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತೆ. ಸರಿಯಾಗಿ ಎರಡು ನಿಮಿಷಕ್ಕೆ ಬಿದ್ದರೆ ಅದು ರೋಗವೇ ಅಲ್ಲ. ಸಿಸ್ಕೋದಲ್ಲಿ ಐಡಲ್ ಟೈಮ್‌ಔಟ್ 120 ಸೆಕೆಂಡ್, ಯಾರೂ ಬಳಸದಿದ್ದರೆ ತಾನೇ ಫೋನ್ ಇಡುತ್ತೆ.

ಈಗ ಮಂಡ್ಯದ ರೂಟರ್‌ನಲ್ಲಿ ‘ಡೀಬಗ್ ಪಿಪಿಪಿ ನೆಗೋಶಿಯೇಷನ್’ ಹಾಕಿ ಡಯಲ್ ಮಾಡಿಸಿ. ಹೊರಗೆ ಹೋದ ಸಾಲಿಗೆ ‘ಓ’, ಒಳಗೆ ಬಂದದ್ದಕ್ಕೆ ‘ಐ’ ಅಂತ ಗುರುತಿರುತ್ತೆ. ಬರೀ ‘ಓ’ಗಳೇ ಹತ್ತು ಸಾಲು ಬಂದರೆ ಮೈಸೂರಿನ ರೂಟರ್ ಪಿಪಿಪಿ ಮಾತಾಡುತ್ತಿಲ್ಲ. ಹೆಚ್ಚಾಗಿ ಅದು ಲಾಗಿನ್ ಕೇಳುತ್ತಾ ಕೂತಿರುತ್ತೆ. ಇನ್ನೊಂದು ತಮಾಷೆ ಇದೆ. ‘ಐ’ ಸಾಲು ಬಂದರೂ ಅದರ ಮ್ಯಾಜಿಕ್ ನಂಬರ್ (ಕಳಿಸಿದ ರೂಟರ್‌ನ ಗುರುತಿನ ಸಂಖ್ಯೆ) ನೀವು ಕಳಿಸಿದ್ದೇ ಆಗಿದ್ದರೆ, ಅದು ನಿಮ್ಮದೇ ಮಾತಿನ ಮಾರ್ದನಿ. ಲಾಗಿನ್ ಪ್ರಾಂಪ್ಟ್ ನೀವು ಟೈಪ್ ಮಾಡಿದ್ದನ್ನು ತಿರುಗಿ ತೋರಿಸುತ್ತಲ್ಲ, ಹಾಗೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಮಂಡ್ಯದ ಮೋಡೆಮ್ಮನ್ನು ರೂಟರ್‌ನಿಂದ ಬಿಚ್ಚಿ ಒಂದು ಪಿಸಿಗೆ ಹಾಕಿ. ಟರ್ಮಿನಲ್ ಪ್ರೋಗ್ರಾಮಿನಿಂದ ಅದೇ ನಂಬರಿಗೆ ಡಯಲ್ ಮಾಡಿ. ಪಿಪಿಪಿ ಶುರುವಾಗಿದ್ದರೆ ಪರದೆ ಮೇಲೆ ~ } # ! ಇಂಥ ಕಸ ಸುರಿಯುತ್ತೆ. ಆ ಕಸ ಕಂಡರೆ ಖುಷಿಪಡಿ. ಪಿಪಿಪಿ ಕಳಿಸುವ ಪ್ರತಿ ಕಂತಿನ (ಫ್ರೇಮಿನ) ತಲೆಗೆ ಇರುವುದೇ ಆ ~ ಗುರುತು. ಕಸದ ಬದಲು ಅಚ್ಚುಕಟ್ಟಾಗಿ ಯೂಸರ್‌ನೇಮ್ ಕೇಳಿದರೆ ಕಳ್ಳ ಸಿಕ್ಕ. ಮೈಸೂರಿನ ರೂಟರ್‌ನ ಅಸಿಂಕ್ ಇಂಟರ್‌ಫೇಸಿನಲ್ಲಿ (ಮೋಡೆಮ್ ಜೋಡಿಸಿದ ಕಿಂಡಿಯ ಸೆಟ್ಟಿಂಗ್) ‘ಅಸಿಂಕ್ ಮೋಡ್ ಡೆಡಿಕೇಟೆಡ್’ ಹಾಕಿ. ಲಾಗಿನ್ನೂ ಬೇಕು ಅಂದರೆ ಮೋಡ್ ಇಂಟರ‍್ಯಾಕ್ಟಿವ್ ಇಟ್ಟು, ಅದೇ ರೂಟರ್‌ನ ಲೈನ್ ಸೆಟ್ಟಿಂಗಿನಲ್ಲಿ ‘ಆಟೋಸೆಲೆಕ್ಟ್ ಪಿಪಿಪಿ’ ಸೇರಿಸಿ. ಇಂಟರ್‌ಫೇಸಿನಲ್ಲಿ ಎನ್‌ಕ್ಯಾಪ್ಸುಲೇಷನ್ ಪಿಪಿಪಿ ಇದೆಯಾ, ಮೋಡೆಮ್ ಮತ್ತು ಆ ಲೈನ್ ಸೆಟ್ಟಿಂಗಿನ ಸ್ಪೀಡ್ ಒಂದೇ ಇದೆಯಾ, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಇದೆಯಾ ಅಂತ ಅದೇ ಕೈಯಲ್ಲಿ ನೋಡಿಬಿಡಿ.

ಇದಾದ ಮೇಲೆ ಎಲ್‌ಸಿಪಿ ಓಪನ್ ಆಗುತ್ತೆ. ಆಗ ಪಾಸ್‌ವರ್ಡ್ ಕಾಟ ಶುರುವಾಗಬಹುದು. ಅದರಲ್ಲಿ ನಾನು ಒಂದಿಡೀ ದಿನ ಕಳೆದುಕೊಂಡಿದ್ದೇನೆ, ಹೇಳ್ತೀನಿ ಕೇಳಿ.

2002ರ ಸುಮಾರು. ನಾನು ಮೈಸೂರಿನಲ್ಲಿದ್ದೆ, ಬೀಳುತ್ತಿದ್ದ ಲಿಂಕ್ ಮಂಡ್ಯದ ಒಂದು ಸಣ್ಣ ಆಫೀಸಿನದು. ಅಲ್ಲಿ ಇದ್ದದ್ದೇ ಒಂದು ಫೋನ್, ಮೋಡೆಮ್ಮೂ ಅದಕ್ಕೇ. ಅಲ್ಲಿಯ ಹುಡುಗನಿಗೆ ‘ಡಯಲ್ ಮಾಡು’ ಅಂತ ಹೇಳಿದ ಕೂಡಲೇ ನಮ್ಮ ಮಾತು ನಿಲ್ಲಬೇಕು! ನಾಲ್ಕು ಸಲ ಹೀಗಾದ ಮೇಲೆ ಬೇಸತ್ತು ಬಸ್ ಹತ್ತಿದೆ.

ಆ ಲಿಂಕಿನ ಪಾಸ್‌ವರ್ಡ್ ಪರೀಕ್ಷೆಗೆ ಚಾಪ್ ಅನ್ನೋ ಪದ್ಧತಿ ಇತ್ತು. ಅದರಲ್ಲಿ ಪಾಸ್‌ವರ್ಡ್ ತಂತಿ ಮೇಲೆ ಹೋಗುವುದೇ ಇಲ್ಲ. ಆ ಕಡೆಯದು ಒಂದು ಸವಾಲು ಕಳಿಸುತ್ತೆ, ಈ ಕಡೆಯದು ಸವಾಲನ್ನೂ ಪಾಸ್‌ವರ್ಡನ್ನೂ ಎಂಡಿ5 ಅನ್ನೋ ಲೆಕ್ಕದಲ್ಲಿ ಅರೆದು ವಾಪಸ್ ಕಳಿಸುತ್ತೆ. ಹಾಗಾಗಿ ಡೀಬಗ್‌ನಲ್ಲಿ ‘ಹೋಲಿಕೆ ಆಗಲಿಲ್ಲ’ ಅನ್ನೋದಷ್ಟೇ ಕಾಣುತ್ತೆ, ಏನು ಹೋಲಲಿಲ್ಲ ಅನ್ನೋದು ಕಾಣೋದಿಲ್ಲ. ಯೂಸರ್‌ನೇಮ್ ಜಾಗದಲ್ಲಿ ಎದುರು ರೂಟರ್‌ಗೆ ಇಟ್ಟ ಹೆಸರು (ಹೋಸ್ಟ್‌ನೇಮ್) ಇರಬೇಕು, ತನ್ನದಲ್ಲ. ಅದನ್ನು ಅಕ್ಷರ ಅಕ್ಷರ ನೋಡಿದೆ, ದೊಡ್ಡಕ್ಷರ ಚಿಕ್ಕಕ್ಷರ ಸಮೇತ ಸರಿ ಇತ್ತು. ಪಾಸ್‌ವರ್ಡೂ ಒಂದೇ ಅಂತ ಇಬ್ಬರೂ ಆಣೆ ಮಾಡುವ ಹಾಗಿದ್ದೆವು.

ಕೊನೆಗೆ ಎರಡೂ ರೂಟರ್‌ನ ಕಾನ್ಫಿಗ್ (ಸೆಟ್ಟಿಂಗ್ ಪಟ್ಟಿ) ಪ್ರಿಂಟ್ ಪಕ್ಕಪಕ್ಕ ಇಟ್ಟೆ. ಪಾಸ್‌ವರ್ಡ್ ಮುಂದೆ, ಅದನ್ನು ಮರೆಮಾಚಿದೆ ಅನ್ನೋ ಗುರುತಾಗಿ, 7 ಅಂತ ಇದ್ದು, ಆಮೇಲೆ ಅಂಕಿಗಳ ಸಾಲು. ಸಾಲುಗಳು ಬೇರೆ ಬೇರೆ ಇರುವುದು ಸಹಜ, ಮೊದಲ ಎರಡು ಅಂಕಿ ಬದಲಾದರೆ ಉಳಿದದ್ದೂ ಬದಲಾಗುತ್ತೆ. ಆದರೆ ಉದ್ದ ಒಂದೇ ಇರಬೇಕು. ಪಾಸ್‌ವರ್ಡಿನ ಒಂದು ಅಕ್ಷರಕ್ಕೆ ಎರಡರಂತೆ, ಎಂಟು ಅಕ್ಷರಕ್ಕೆ 16, ಮೊದಲಿನ ಎರಡು ಸೇರಿ 18. ಮಂಡ್ಯದ್ದು 18 ಇತ್ತು. ಮೈಸೂರಿನದನ್ನು ಪೆನ್ಸಿಲ್ ಇಟ್ಟು ಎಣಿಸಿದೆ, 20! ನೋಟ್‌ಪ್ಯಾಡಿನಿಂದ ಪೇಸ್ಟ್ ಮಾಡುವಾಗ ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿತ್ತು. ಸಿಸ್ಕೋ ಅದನ್ನೂ ಪಾಸ್‌ವರ್ಡಿನ ಅಕ್ಷರ ಅಂತಲೇ ತೆಗೆದುಕೊಳ್ಳುತ್ತೆ. ಪೇಸ್ಟ್ ಮಾಡಿದ್ದು ಯಾರು ಅಂತ ಕೇಳಬೇಡಿ, ನಾನೇ.

ಮೊದಲು ಮೈಸೂರು ಕಡೆಯ ಮೋಡ್ ನೋಡಿ. ಆಮೇಲೂ ಬಿದ್ದರೆ ಎರಡೂ ಕಡೆಯ ಡೀಬಗ್ ಮತ್ತು ಕಾನ್ಫಿಗ್ ಇಲ್ಲಿ ಹಾಕಿ, ನೋಡೋಣ. ಪಾಸ್‌ವರ್ಡ್ ಸಾಲನ್ನು ಮಾತ್ರ ಅಳಿಸಿ. ಆ 7ರ ಅಂಕಿಗಳನ್ನು ಯಾರು ಬೇಕಾದರೂ ಎರಡು ನಿಮಿಷದಲ್ಲಿ ಬಿಚ್ಚುತ್ತಾರೆ.