ಅಡ್ವಾನ್ಸ್ ಕೊಡುವ ಮೊದಲು

ಓದುಗರ ಪತ್ರ: ಸಂಪಾದಕರೇ, ಮನೆ ಕೊಳ್ಳಬೇಕು ಅಂತ ಬಹಳ ದಿನದಿಂದ ಓಡಾಡುತ್ತಿದ್ದೇವೆ. ಈಗ ಒಂದು ಮನೆ ಹಿಡಿಸಿದೆ. ಎರಡು ದಿನದಲ್ಲಿ ಅಡ್ವಾನ್ಸ್ ಕೊಡದಿದ್ದರೆ ಬೇರೆ ಪಾರ್ಟಿ ರೆಡಿ ಇದೆ ಅಂತ ಬ್ರೋಕರ್ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ. ಮಧ್ಯರಾತ್ರಿ ಎದ್ದು ಕಂತಿನ ಲೆಕ್ಕ ಹಾಕುತ್ತೇನೆ. ಬೆಳಿಗ್ಗೆ ತೊಗೊಳ್ಳೋಣ ಅನಿಸುತ್ತದೆ, ಸಂಜೆ ಬೇಡವೇ ಬೇಡ ಅನಿಸುತ್ತದೆ. ನಮ್ಮವರನ್ನು ಕೇಳಿದರೆ 'ನಿನ್ನಿಷ್ಟ, ನೀನು ಹೇಳಿದ ಹಾಗೆ' ಅಂತಾರೆ. ಬಾಡಿಗೆ ಕಟ್ಟೋದು ದಂಡ ಅಂತ ಅಪ್ಪ ದಿನಾ ಹೇಳುತ್ತಾರೆ. ಅಣ್ಣ ಸ್ವಲ್ಪ ದುಡ್ಡು ಕೊಡ್ತೀನಿ ಅಂದಿದ್ದಾನೆ, ತೊಗೊಳ್ಳೋಕೆ ಮುಜುಗರ. ಮನೆ ಕೊಳ್ಳೋದು ಖುಷಿಯ ವಿಷಯ ಅಲ್ವಾ? ನನಗ್ಯಾಕೆ ಹೀಗಾಗುತ್ತಿದೆ? (ಹೆಸರು ಬೇಡ)

ಸಂಪಾದಕರ ಉತ್ತರ: ಖುಷಿಯ ವಿಷಯ ಹೌದು. ಆದರೆ ಖುಷಿಯ ವಿಷಯ ಅಂದ ಮಾತ್ರಕ್ಕೆ ಅದು ಹಗುರ ಅಂತಲ್ಲ. ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ ಎಂಬ ಅಮೆರಿಕದ ಮನೋವೈದ್ಯರು 1967ರಲ್ಲಿ ಒಂದು ಪಟ್ಟಿ ಮಾಡಿದರು. ಬದುಕಿನ 43 ಘಟನೆಗಳನ್ನು ತೊಗೊಂಡು, ಯಾವುದು ಮನುಷ್ಯನನ್ನು ಎಷ್ಟು ಅಲುಗಾಡಿಸುತ್ತದೆ ಅಂತ ಅಂಕ ಕೊಟ್ಟರು. ಗಂಡ ಅಥವಾ ಹೆಂಡತಿಯ ಸಾವಿಗೆ 100. ಮದುವೆಗೆ 50. ಅಂದರೆ ಒಳ್ಳೆಯದೂ ಆ ಪಟ್ಟಿಯಲ್ಲಿದೆ. ದೊಡ್ಡ ಗೃಹಸಾಲಕ್ಕೆ 31. ಸಾಲ ತೀರಿಸಲಾಗದೆ ಆಸ್ತಿ ಕಳೆದುಕೊಳ್ಳುವುದಕ್ಕೆ 30. ಸಾಲದಲ್ಲಿ ಮನೆ ಹೋಗುವುದಕ್ಕಿಂತ ಸಾಲ ಮಾಡುವುದಕ್ಕೇ ಒಂದು ಅಂಕ ಜಾಸ್ತಿ! ಹಳೆಯ ಪಟ್ಟಿ, ಆ ಅಂಕಗಳನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ನಿಮಗೆ ಆಗುತ್ತಿರುವುದು ವಿಚಿತ್ರವೇನಲ್ಲ ಅನ್ನುವುದಕ್ಕೆ ಹೇಳಿದೆ, ಅಷ್ಟೇ.

ಅದೇ ಪಟ್ಟಿಯಲ್ಲಿ ಗೃಹಸಾಲಕ್ಕಿಂತ ಒಂದು ಮೆಟ್ಟಿಲು ಮೇಲೆ, 35 ಅಂಕ ಪಡೆದು ಕೂತಿರುವುದು ಏನು ಗೊತ್ತಾ? ಗಂಡ ಹೆಂಡತಿಯ ನಡುವಿನ ವಾದ, ಜಗಳ ಮೊದಲಿದ್ದದ್ದಕ್ಕಿಂತ ಬದಲಾಗುವುದು. ನೀವು ಜಗಳದ ಬಗ್ಗೆ ಬರೆದಿಲ್ಲ. ಜಗಳವೇ ಆಗುತ್ತಿಲ್ಲ ಅನ್ನುವುದು ನನಗೆ ಕಂಡ ತೊಂದರೆ. 'ನಿನ್ನಿಷ್ಟ' ಅಂದುಬಿಟ್ಟ ಮೇಲೆ ಜಗಳ ಆಡುವುದು ಯಾರ ಜೊತೆ?

ಪತ್ರದಲ್ಲಿ ಬ್ರೋಕರ್ ಬಗ್ಗೆ, ಅಪ್ಪನ ಬಗ್ಗೆ, ಕಂತಿನ ಬಗ್ಗೆ ಬರೆದಿದ್ದೀರಿ. ನಿಮ್ಮವರ ಬಗ್ಗೆ ಒಂದೇ ಸಾಲು. ನಾನು ಆ ಸಾಲಿನಲ್ಲೇ ನಿಂತೆ. 'ನಿನ್ನಿಷ್ಟ' ಅನ್ನುವುದು ಕೇಳಲು ಪ್ರೀತಿಯ ಮಾತು. ಎಷ್ಟೋ ಸಲ ಅದು ಪ್ರೀತಿಯೇ ಆಗಿರುತ್ತದೆ. ಆದರೆ ಇಪ್ಪತ್ತು ವರ್ಷ ಇಬ್ಬರೂ ಸೇರಿ ತೀರಿಸಬೇಕಾದ ಸಾಲದ ವಿಷಯದಲ್ಲಿ ಆ ಮಾತಿಗೆ ಇನ್ನೊಂದು ಮುಖ ಇದೆ. ನಾಳೆ ಗೋಡೆ ಸೋರಿದರೂ, ಕೆಲಸ ಹೋಗಿ ಕಂತು ಕಟ್ಟುವುದು ಕಷ್ಟವಾದರೂ, 'ನೀನೇ ತಾನೆ ಬೇಕು ಅಂದಿದ್ದು' ಅನ್ನುವ ಮಾತು ಎಲ್ಲೋ ಕಾಯುತ್ತಿರುತ್ತದೆ. ಅವರು ಹಾಗೆ ಅನ್ನದೇ ಇರಬಹುದು. ನಿಮ್ಮ ಮನಸ್ಸು ಮಾತ್ರ ಈಗಲೇ ಅದನ್ನು ಕೇಳಿಸಿಕೊಳ್ಳುತ್ತಿದೆ. ಇಬ್ಬರು ಹೊರಬೇಕಾದ್ದನ್ನು ಒಬ್ಬರೇ ಹೊತ್ತುಕೊಂಡರೆ ನಿದ್ದೆ ಎಲ್ಲಿಂದ ಬರಬೇಕು?

ಅವರು ಯಾಕೆ ಹಾಗಂದರು ಅನ್ನುವುದು ನನಗೆ ಇಲ್ಲಿ ಕೂತು ಗೊತ್ತಾಗುವುದಿಲ್ಲ. ಕೆಲಸದ ಜಾಗದಲ್ಲಿ ಏನೋ ಸರಿಯಿಲ್ಲ, ಹೇಳಿಕೊಳ್ಳಲು ಸಂಕೋಚ ಇರಬಹುದು. ಮನೆಯೇ ಬೇಡ ಅನಿಸಿ, ನಿಮ್ಮ ಆಸೆಗೆ ಅಡ್ಡ ಬರಬಾರದು ಅಂತ ಸುಮ್ನೆ ಇರಬಹುದು. ಅಥವಾ ಸುಸ್ತಾಗಿರಬಹುದು; ರಜೆ ಬಂತು ಅಂದರೆ ಮನೆ ನೋಡುವುದು ಯಾರಿಗಾದರೂ ಬೇಜಾರೇ. ಅದಕ್ಕೇ 'ಈ ಮನೆ ಹೇಗಿದೆ' ಅಂತ ಮತ್ತೆ ಕೇಳಬೇಡಿ. 'ಚೆನ್ನಾಗಿದೆ' ಅಂತ ಉತ್ತರ ಬರುತ್ತದೆ, ಅಲ್ಲಿಗೆ ಮುಗೀತು. 'ಈ ಸಾಲ ತೊಗೊಂಡರೆ ನಿಮಗೆ ಯಾವುದರ ಭಯ?' ಅಂತ ಕೇಳಿ. ನಿಮ್ಮ ಭಯವನ್ನು ಮೊದಲು ಹೇಳಿ, ಆಮೇಲೆ ಕೇಳಿ.

ಇನ್ನೊಂದು ಮಾಡಿ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ, ಒಬ್ಬರದ್ದು ಇನ್ನೊಬ್ಬರು ನೋಡದೆ, ತಿಂಗಳಿಗೆ ಎಷ್ಟು ಕಂತಿನವರೆಗೆ ನೆಮ್ಮದಿಯಾಗಿ ಇರಬಹುದು ಅಂತ ಬರೆಯಿರಿ. ಎರಡೂ ಹತ್ತಿರ ಹತ್ತಿರ ಇದ್ದರೆ ಅರ್ಧ ತಲೆನೋವು ಹೋಯಿತು. ತುಂಬಾ ದೂರ ಇದ್ದರೆ ನೀವು ಇನ್ನೂ ಮನೆ ಆರಿಸುವ ಹಂತಕ್ಕೇ ಬಂದಿಲ್ಲ ಅಂತ ಅರ್ಥ.

ಈಗ ಮಧ್ಯರಾತ್ರಿಯ ಲೆಕ್ಕ. ಲೆಕ್ಕ ಹಾಕುವುದು ತಪ್ಪಲ್ಲ, ಹೊತ್ತು ತಪ್ಪು. ಹಗಲು ಹೊತ್ತು, ಇಬ್ಬರೂ ಕೂತು, ಕಾಗದದ ಮೇಲೆ ಒಂದು ಸಲ ಹಾಕಿ ಮುಗಿಸಿ. ಶೇ. 9 ಬಡ್ಡಿಯಲ್ಲಿ 20 ವರ್ಷದ ಸಾಲ ಅಂತ ಇಟ್ಟುಕೊಳ್ಳಿ. ಪ್ರತಿ 1 ಲಕ್ಷಕ್ಕೆ ತಿಂಗಳ ಕಂತು ಸುಮಾರು 900. ಮೊದಲ ತಿಂಗಳು ಅದರಲ್ಲಿ 750 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬರೀ 150. ಕೊನೆಗೆ ಕಟ್ಟಿದ್ದೆಲ್ಲ ಕೂಡಿದರೆ ತೊಗೊಂಡ ಸಾಲದ ಎರಡು ಪಟ್ಟಿಗಿಂತ ಜಾಸ್ತಿ. ಇದು ಬಹಳ ಜನಕ್ಕೆ ಗೊತ್ತಿರುತ್ತದೆ. ಗಮನಕ್ಕೆ ಬಾರದೇ ಹೋಗುವುದು ಮುಂದಿನದು. ಬಡ್ಡಿ ಏರಿಳಿಯುವ ಸಾಲವಾಗಿದ್ದು, ಶುರುವಿನಲ್ಲೇ ದರ ಶೇ. 10 ಆಯಿತು, ನೀವು ಕಂತು ಮಾತ್ರ ಅಷ್ಟೇ ಇಟ್ಟಿರಿ ಅಂದುಕೊಳ್ಳಿ. 20 ವರ್ಷದ ಸಾಲ 26 ವರ್ಷ ದಾಟುತ್ತದೆ. ಒಂದು ಪರ್ಸೆಂಟಿಗೆ ಆರು ವರ್ಷ! ಹಾಗಾಗಿ ಈಗಿನ ದರದಲ್ಲಿ 'ಹೇಗೋ ಆಗುತ್ತೆ' ಅನ್ನುವ ಕಂತು ನಿಜವಾಗಿ ಆಗುವ ಕಂತಲ್ಲ. ದರ ಎರಡು ಪರ್ಸೆಂಟ್ ಏರಿದರೂ ಕಟ್ಟಬಹುದಾ? ಒಬ್ಬರ ಸಂಬಳ ಆರು ತಿಂಗಳು ನಿಂತರೆ ಕೈಯಲ್ಲಿ ಅಷ್ಟು ಉಳಿದಿರುತ್ತದಾ? ಇದಕ್ಕೆ ಹೌದು ಅಂತ ಬಂದರೆ ಭಯದಲ್ಲಿ ಲೆಕ್ಕಕ್ಕೆ ಸಿಗುವ ಭಾಗ ಮುಗಿಯಿತು. ಇಲ್ಲ ಅಂತ ಬಂದರೆ ನಿಮ್ಮ ನಿದ್ದೆಗೇಡು ಸರಿಯಾಗೇ ಎಚ್ಚರಿಸುತ್ತಿದೆ. ಇನ್ನೂ ಸಣ್ಣ ಮನೆ ನೋಡಿ, ಇಲ್ಲವೇ ಕಾಯಿರಿ.

ಅಪ್ಪ ಹೇಳುವುದರಲ್ಲಿ ಪ್ರೀತಿ ಇದೆ, ಲೆಕ್ಕ ಅರ್ಧ ಇದೆ. ಬಾಡಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅನ್ನುವುದಾದರೆ ಬಡ್ಡಿಯೂ ಹಾಗೇ ಅಲ್ವಾ? ಮನೆ ತೆರಿಗೆ, ರಿಪೇರಿ ಖರ್ಚು ಕೂಡ ವಾಪಸ್ ಬರುವುದಿಲ್ಲ. ಸ್ವಂತ ಮನೆಗೆ ಅದರದ್ದೇ ಸುಖ ಇದೆ: ಯಾರೂ ಖಾಲಿ ಮಾಡಿ ಅನ್ನುವುದಿಲ್ಲ, ಮೊಳೆ ಹೊಡೆಯಲು ಯಾರನ್ನೂ ಕೇಳಬೇಕಿಲ್ಲ. ಆ ಸುಖಕ್ಕೆ ಬೆಲೆ ಕೊಡುವುದು ಸರಿ. ಬಾಡಿಗೆ ಉಳಿಸುತ್ತಿದ್ದೇನೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಕೊಳ್ಳಬೇಡಿ. ಅಪ್ಪನ ಜೊತೆ ವಾದಕ್ಕೂ ಕೂರಬೇಡಿ. 'ನೋಡ್ತಾ ಇದ್ದೀವಿ ಅಪ್ಪಾ' ಅಂದರೆ ಸಾಕು.

ಬ್ರೋಕರ್ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಮಾತು. ಎರಡು ದಿನದ ಗಡುವಿಗೆ ಹೆದರಿ ಅಡ್ವಾನ್ಸ್ ಕೊಡಬೇಡಿ. ಆ ಬೇರೆ ಪಾರ್ಟಿ ನಿಜವಾಗಿ ಇರಬಹುದು, ಇಲ್ಲದೆಯೂ ಇರಬಹುದು. ಎರಡೂ ಸಂದರ್ಭದಲ್ಲಿ ನಿಮ್ಮ ಕೆಲಸ ಬದಲಾಗುವುದಿಲ್ಲ: ವಕೀಲರು ಕಾಗದಪತ್ರ ನೋಡಬೇಕು, ವ್ಯವಹಾರ ಮುರಿದರೆ ಅಡ್ವಾನ್ಸ್ ವಾಪಸ್ ಬರುತ್ತದೋ ಇಲ್ಲವೋ ಅನ್ನುವುದು ಬರವಣಿಗೆಯಲ್ಲಿ ಇರಬೇಕು. ಅಷ್ಟಕ್ಕೆ ಕಾಯಲಾಗದ ಮನೆ ಕೈತಪ್ಪಿದರೆ ತಪ್ಪಲಿ.

ಬೆಲೆಯ ವಿಷಯವೂ ಅಷ್ಟೇ. ನಾರ್ತ್‌ಕ್ರಾಫ್ಟ್ ಮತ್ತು ನೀಲ್ ಎಂಬ ಇಬ್ಬರು ಸಂಶೋಧಕರು 1987ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಮನೆ ಮಾರುವ ಏಜೆಂಟರಿಗೆ ಒಂದೇ ಮನೆ ತೋರಿಸಿ, ಕೈಗೆ ಕೊಟ್ಟ ಮಾಹಿತಿಯಲ್ಲಿ ಮಾಲೀಕರು ಹೇಳಿದ ಬೆಲೆಯನ್ನು ಮಾತ್ರ ಬೇರೆ ಬೇರೆ ಇಟ್ಟಿದ್ದರು. ಹೆಚ್ಚಿನ ಬೆಲೆ ನೋಡಿದವರು ಹೆಚ್ಚು ಬೆಲೆ ಕಟ್ಟಿದರು, ಕಡಿಮೆ ನೋಡಿದವರು ಕಡಿಮೆ. ದಿನಾ ಮನೆ ಮಾರುವವರ ಕಥೆಯೇ ಹೀಗೆ. ನಿಮ್ಮ ತಲೆಯಲ್ಲೂ ಬ್ರೋಕರ್ ಮೊದಲು ಹೇಳಿದ ಬೆಲೆಯೇ ಕೂತಿರುತ್ತದೆ. ಅಕ್ಕಪಕ್ಕ ಇಂಥದೇ ಮನೆ ಎಷ್ಟಕ್ಕೆ ಹೋಯಿತು ಅಂತ ವಿಚಾರಿಸಿ, ಆಮೇಲೆ ಚೌಕಾಸಿ ಮಾಡಿ.

ಬೆಳಿಗ್ಗೆ ಬೇಕು, ಸಂಜೆ ಬೇಡ ಅನ್ನುವುದಕ್ಕೆ ಜಾಸ್ತಿ ಅರ್ಥ ಹುಡುಕಬೇಡಿ. ಸಂಜೆ ಹೊತ್ತಿಗೆ ಮೈ ದಣಿದಿರುತ್ತದೆ. ಬೇಕಿದ್ದರೆ ಬ್ರೋಕರ್ ಇಲ್ಲದೆ ನೀವಿಬ್ಬರೇ ಒಂದು ಸಂಜೆ ಆ ಬೀದಿಗೆ ಹೋಗಿ ನಡೆದು ಬನ್ನಿ. ಗದ್ದಲ ಎಷ್ಟು, ಬೆಳಕು ಎಷ್ಟು, ಜನ ಹೇಗೆ ಅನ್ನುವುದು ಆಗ ತಿಳಿಯುತ್ತದೆ. ವಾರಗಟ್ಟಲೆ ನಿದ್ದೆ ಹೀಗೇ ಕೆಟ್ಟರೆ, ಎದೆ ಹೊಡೆದುಕೊಂಡರೆ, ಮನೆಯ ವಿಷಯ ಪಕ್ಕಕ್ಕಿಟ್ಟು ಮೊದಲು ಡಾಕ್ಟರನ್ನು ನೋಡಿ.

ಅಣ್ಣನ ದುಡ್ಡು ತೊಗೊಳ್ಳಬಹುದು. ಆದರೆ ಅದು ಸಾಲವೋ, ಉಡುಗೊರೆಯೋ, ಮನೆಯಲ್ಲಿ ಪಾಲೋ ಅನ್ನುವುದು ಮೊದಲೇ ಸ್ಪಷ್ಟವಾಗಲಿ. ಸಾಲವಾದರೆ ಯಾವಾಗಿನಿಂದ ತೀರಿಸುತ್ತೀರಿ ಅಂತ ಬರೆದಿಡಿ, ಆ ಮೊತ್ತವನ್ನೂ ನಿಮ್ಮ ತಿಂಗಳ ಲೆಕ್ಕಕ್ಕೆ ಸೇರಿಸಿ. ಅತ್ತಿಗೆಗೂ ವಿಷಯ ಗೊತ್ತಿದೆಯಾ ಕೇಳಿಕೊಳ್ಳಿ. 'ಬರೆಯೋದೆಲ್ಲ ಯಾಕೆ, ನಮ್ಮ ನಮ್ಮಲ್ಲಿ' ಅಂತ ಅಣ್ಣ ಅಂದೇ ಅನ್ನುತ್ತಾರೆ. ಆದರೂ ಬರೆದು ಒಂದು ಪ್ರತಿ ಅವರ ಕೈಗೆ ಕೊಡಿ.