ಲೆಪರ್ಡ್ ಗೆಕ್ಕೊಗೆ ಬರೀ ಮೀಲ್‌ವರ್ಮ್ ಹಾಕಿದರೆ ಸಾಕಾ?

ಮಗಳ ಹಟಕ್ಕೆ ಲೆಪರ್ಡ್ ಗೆಕ್ಕೊ, ಅಂದರೆ ಮೈಮೇಲೆ ಚುಕ್ಕೆಯಿರುವ ಸಾಕು ಹಲ್ಲಿ, ತಂದಿದ್ದೀರಿ. ಅಂಗಡಿಯವರು ಒಂದು ಡಬ್ಬಿ ಮೀಲ್‌ವರ್ಮ್ ಹುಳು ಕೈಗಿಟ್ಟು ‘ಇಷ್ಟೇ ಸಾಕು’ ಅಂದಿದ್ದಾರೆ. ನಿಜವಾ ಎಂದು ಕೇಳಿದ್ದೀರಿ. ಹೊಟ್ಟೆ ತುಂಬುತ್ತದೆ, ನಿಜ. ಆದರೆ ಡಬ್ಬಿಯಿಂದ ತೆಗೆದು ಹಾಗೇ ಹಾಕುತ್ತಾ ಹೋದರೆ ಮೂಳೆ ಕೈಕೊಡುತ್ತದೆ.

ನಾನು ಅಮೆರಿಕದ ಒಹಾಯೊದಲ್ಲಿ ಆರು ವರ್ಷದಿಂದ ಒಂದು ಹೆಣ್ಣು ಗೆಕ್ಕೊ ಸಾಕಿದ್ದೇನೆ. (ಊರಲ್ಲಿ ಅಮ್ಮ ಇವತ್ತಿಗೂ ಫೋನಿನಲ್ಲಿ ‘ನಿನ್ನ ಹಲ್ಲಿ ಹೇಗಿದೆ?’ ಎಂದೇ ಕೇಳುವುದು. ಇದು ಗೋಡೆ ಹತ್ತಲ್ಲ, ಕಣ್ಣಿಗೆ ರೆಪ್ಪೆ ಇದೆ ಅಂದರೆ ನಂಬುವುದಿಲ್ಲ.)

ಗೆಕ್ಕೊ ತಿನ್ನುವ ಆಹಾರದಲ್ಲಿ ರಂಜಕ (ಫಾಸ್ಫರಸ್) ಎಷ್ಟಿದೆಯೋ ಕಡಿಮೆ ಎಂದರೂ ಅಷ್ಟೇ ಕ್ಯಾಲ್ಸಿಯಂ ಇರಬೇಕು, ಎರಡರಷ್ಟಿದ್ದರೆ ಇನ್ನೂ ಒಳ್ಳೆಯದು. ಮೀಲ್‌ವರ್ಮ್‌ನಲ್ಲಿ ಇದು ತಲೆಕೆಳಗು. ಕ್ಯಾಲ್ಸಿಯಂಗಿಂತ ರಂಜಕ ಹತ್ತು ಪಟ್ಟಿಗೂ ಜಾಸ್ತಿ. ಕ್ರಿಕೆಟ್ ಹುಳು, ಅದೇ ನಮ್ಮ ಚಿಮ್ಮಂಡೆ, ಅದರ ಕಥೆಯೂ ಹೆಚ್ಚು ಕಡಿಮೆ ಹೀಗೇ. ಕ್ಯಾಲ್ಸಿಯಂ ಸಾಲದಾದಾಗ ದೇಹ ಅದನ್ನು ಮೂಳೆಯಿಂದಲೇ ಕೀಳುತ್ತದೆ. ಕಾಲು ಸೊಟ್ಟಗಾಗುತ್ತದೆ, ದವಡೆ ಮೆತ್ತಗಾಗುತ್ತದೆ. ಈಗಾಗಲೇ ಕಾಲು ನಡುಗುತ್ತಿದ್ದರೆ ಈ ಉತ್ತರ ಆಮೇಲೆ ಓದಿ, ಸರೀಸೃಪ ನೋಡುವ ವೆಟ್ ಹತ್ತಿರ ಮೊದಲು ಹೋಗಿ.

ಹಾಗಾಗಿ, ಮುಂದೆ ಹೇಳುವ ಒಂದನ್ನು ಬಿಟ್ಟರೆ, ಯಾವ ಹುಳು ತಂದರೂ ಎರಡು ಕೆಲಸ ತಪ್ಪುವುದಿಲ್ಲ. ಅಂಗಡಿಯ ಹುಳು ಸಾಮಾನ್ಯವಾಗಿ ಹಸಿದುಕೊಂಡೇ ಬಂದಿರುತ್ತದೆ. ಗೆಕ್ಕೊಗೆ ಹಾಕುವ ಒಂದೆರಡು ದಿನ ಮೊದಲೇ ಅದಕ್ಕೆ ಕ್ಯಾರೆಟ್, ಗೆಣಸು, ಕೊಲಾರ್ಡ್ ಸೊಪ್ಪು ತಿನ್ನಿಸಿ. ಆಮೇಲೆ ಒಂದು ಕವರಿಗೆ ಹುಳು, ಚಿಟಿಕೆ ಕ್ಯಾಲ್ಸಿಯಂ ಪುಡಿ ಹಾಕಿ ಅಲ್ಲಾಡಿಸಿ. ವಿಭೂತಿ ಹಚ್ಚಿದಷ್ಟು ತೆಳ್ಳಗೆ ಹತ್ತಿದರೆ ಸಾಕು. ಟ್ಯಾಂಕಿನಲ್ಲಿ ಯುವಿಬಿ ದೀಪ (ಬಿಸಿಲಿನಂತೆ ಅತಿನೇರಳೆ ಕಿರಣ ಕೊಡುವ ದೀಪ) ಇಲ್ಲದಿದ್ದರೆ ವಿಟಮಿನ್ ಡಿ3 ಇರುವ ಪುಡಿಯೂ ಬೇಕು. ಆದರೆ ಡಿ3 ಜಾಸ್ತಿಯಾದರೂ ಕೆಡುಕೇ, ಡಬ್ಬಿಯ ಮೇಲಿನ ಅಳತೆ ಮೀರಬೇಡಿ.

ನಾನು ದಿನನಿತ್ಯಕ್ಕೆ ಹಾಕುವುದು ಡೂಬಿಯಾ ಜಿರಲೆ. ಮಾಂಸ ಚೆನ್ನಾಗಿದೆ, ಸದ್ದಿಲ್ಲ, ನುಣುಪಾದ ಡಬ್ಬಿಯ ಗೋಡೆ ಹತ್ತಲಾರದು. ‘ಊರಲ್ಲಿ ಪೊರಕೆ ಹಿಡಿದು ಓಡಿಸುತ್ತಿದ್ದೆ, ಇಲ್ಲಿ ದುಡ್ಡು ಕೊಟ್ಟು ತರ್ತೀರಲ್ಲ’ ಎಂದು ಹೆಂಡತಿ ಮೊದಮೊದಲು ಗೊಣಗಿದಳು. ಕ್ರಿಕೆಟ್ ನನಗೆ ಸರಿಹೋಗಲಿಲ್ಲ. ನಾರುತ್ತದೆ, ರಾತ್ರಿಯಿಡೀ ಕಿರ್ ಕಿರ್. ತಿನ್ನದೆ ಉಳಿದವು ಮಲಗಿದ ಗೆಕ್ಕೊವನ್ನೇ ಕಚ್ಚುವುದೂ ಉಂಟು. ಸಾಮಾನ್ಯವಾಗಿ ಸಿಗುವ ಹುಳುಗಳಲ್ಲಿ ಸಾಕಷ್ಟು ಕ್ಯಾಲ್ಸಿಯಂ ತಾನೇ ಹೊತ್ತು ತರುವುದು ಒಂದೇ, ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿ. ಅದಕ್ಕೆ ಪುಡಿ ಬೇಡ.

ವ್ಯಾಕ್ಸ್‌ವರ್ಮ್ ವಿಷಯದಲ್ಲಿ ನಾನು ಸರಿಯಾಗಿ ಪಾಠ ಕಲಿತೆ. ಬಿಳಿ, ದಪ್ಪ, ಮೆತ್ತನೆ ಹುಳು. ನಮ್ಮದು ಎಷ್ಟು ಆಸೆಯಿಂದ ನುಂಗಿತು ಅಂದರೆ, ಪಾಪ ಇಷ್ಟಪಡುತ್ತಲ್ಲ ಎಂದು ಒಂದು ತಿಂಗಳು ಅದನ್ನೇ ಹಾಕಿದೆ. ಆ ಹುಳುವಿನ ತೂಕದ ಕಾಲು ಭಾಗ ಬರೀ ಕೊಬ್ಬು. ಗೆಕ್ಕೊದ ಬಾಲ ಬೆಂಡೆಕಾಯಿಯಂತಿದ್ದದ್ದು ಬದನೆಕಾಯಿಯಾಯಿತು. ನಿಲ್ಲಿಸಿದೆ, ಎರಡು ವಾರ ಜಿರಲೆಯನ್ನು ಮೂಸಿಯೂ ನೋಡಲಿಲ್ಲ. ಈಗ ತಿಂಗಳಿಗೆ ಒಂದೋ ಎರಡೋ, ಹಬ್ಬದ ಹೋಳಿಗೆ ಥರ.

ಇನ್ನು ನನ್ನ ಮೆಚ್ಚಿನದು, ರೇಷ್ಮೆ ಹುಳು. ನಾನು ಶಿಡ್ಲಘಟ್ಟದ ಕಡೆಯವನು, ಮನೆಯಲ್ಲಿ ಹುಳು ಮೇಯಿಸುತ್ತಿದ್ದೆವು. ಹುಳು ಜ್ವರದಿಂದ (ಪೊರೆ ಬಿಡುವ ನಿದ್ದೆಗೆ ನಮ್ಮ ಕಡೆಯ ಹೆಸರು) ಎದ್ದ ದಿನ ನಮ್ಮ ಊಟಕ್ಕಿಂತ ಮೊದಲು ಅದರ ಸೊಪ್ಪು. ಅದೇ ಹುಳುವನ್ನು ಇಲ್ಲಿ ಹಲ್ಲಿಗೆ ಹಾಕುವಾಗ ಮೊದಲ ಸಲ ಕೈ ಹಿಂಜರಿಯಿತು, ಸುಳ್ಳೇಕೆ. ಆದರೆ ಗೆಕ್ಕೊಗೆ ಇದು ಒಳ್ಳೆಯ ಊಟ. ಕೊಬ್ಬು ತೀರಾ ಕಡಿಮೆ, ಮೈ ಮೃದು, ನೀರಿನ ಅಂಶ ಜಾಸ್ತಿ. ಪೊರೆ ಬಿಡುವಾಗ, ಕಾಯಿಲೆಯಿಂದ ಏಳುವಾಗ ನಾನು ಇದನ್ನೇ ಕೊಡುವುದು. ಬರೀ ಇದರಿಂದ ನಡೆಯುವುದಿಲ್ಲ, ನೀರು ಜಾಸ್ತಿಯಾದ್ದರಿಂದ ಮಾಂಸ ಕಡಿಮೆ, ಮತ್ತೆ ಕ್ಯಾಲ್ಸಿಯಂ ಪುಡಿ ಇದಕ್ಕೂ ಬೇಕು. ಅಮೆರಿಕದಲ್ಲಿ ಮೊಟ್ಟೆ, ಮರಿ ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ, ಜೊತೆಗೆ ಹಿಪ್ಪುನೇರಳೆ ಪುಡಿಯ ಮೇವು. ಬೇಸಿಗೆಯಲ್ಲಿ ನಾನು ಸೊಪ್ಪನ್ನೇ ಕೀಳುತ್ತೇನೆ. ಇಲ್ಲಿ ಬಿಳಿ ಹಿಪ್ಪುನೇರಳೆ ರಸ್ತೆ ಬದಿ ಕಳೆಯ ಹಾಗೆ ಬೆಳೆದಿರುತ್ತದೆ. ಔಷಧಿ ಹೊಡೆದಿಲ್ಲ ಎಂದು ಗೊತ್ತಿರುವ ಗಿಡದ್ದು ಮಾತ್ರ. ಊರಲ್ಲಿ ಪಕ್ಕದ ಹೊಲಕ್ಕೆ ಔಷಧಿ ಹೊಡೆದರೂ ನಮ್ಮ ಬೆಳೆ ಹೋಗುತ್ತಿತ್ತು, ಆ ಭಯ ಇನ್ನೂ ಬಿಟ್ಟಿಲ್ಲ. ಒಂದು ಸಲ ಸೊಪ್ಪಿನ ರುಚಿ ಹತ್ತಿದ ಹುಳು ನನ್ನ ಹತ್ತಿರ ಪುಡಿಯ ಮೇವನ್ನು ಮುಟ್ಟಿಲ್ಲ, ಹಾಗಾಗಿ ಎರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಿ.

ಗಾತ್ರಕ್ಕೆ ಸುಲಭ ಅಳತೆ: ಹುಳುವಿನ ಅಗಲ ಗೆಕ್ಕೊದ ಎರಡು ಕಣ್ಣುಗಳ ನಡುವಿನ ಜಾಗ ಮೀರಬಾರದು. ಮರಿಗೆ ದಿನಾ ಹಾಕಿ. ದೊಡ್ಡದಕ್ಕೆ ವಾರಕ್ಕೆ ಎರಡು ಮೂರು ಸಲ ಸಾಕು.

ಹಿತ್ತಲಲ್ಲಿ ಹಿಡಿದ ಹುಳು ಬೇಡವೇ ಬೇಡ. ಅದರಲ್ಲೂ ಜೂನ್ ಬಂದರೆ ಇಲ್ಲಿ ಸಂಜೆ ಹೊತ್ತು ಮಿಂಚುಹುಳಗಳು, ಮಕ್ಕಳು ಬಾಟಲಿಯಲ್ಲಿ ಹಿಡಿಯುತ್ತಾರೆ ಅಲ್ವಾ? ಅದರ ಮೈಯಲ್ಲಿ ವಿಷ ಇದೆ, ಒಂದೇ ಒಂದು ತಿಂದರೂ ಸಾಕಿದ ಹಲ್ಲಿ ಸಾಯಬಹುದು. ಮಗಳಿಗೆ ಇದನ್ನು ಇವತ್ತೇ ಹೇಳಿಡಿ.